ಎಣ್ಣೆ, ಕೀಟ ಮತ್ತು ಅಹಿಂಸೆ: ಚಿಕ್ಕೋಡಿ ಸೀಮೆಯ ಒಕ್ಕಲುತನದ ಒಂದು ಇತಿಹಾಸ

ಆಷಾಢ ಶುಕ್ಲ ಚತುರ್ದಶಿಯಂದು ದಿಗಂಬರ ಮುನಿಸಂಘಗಳು ವರ್ಷಾಯೋಗವನ್ನು ಸ್ಥಾಪಿಸುತ್ತವೆ. ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದರಿಂದ, ವಿಹಾರದ ಹೆಜ್ಜೆಯಡಿಯಲ್ಲಿ ಅವುಗಳಿಗೆ ಬಾಧೆಯಾಗದಿರಲೆಂದು ನಾಲ್ಕು ತಿಂಗಳು ಒಂದೇ ಸ್ಥಳದಲ್ಲಿ ನಿಲ್ಲುವ ನಿಯಮವಿದು. ಅದೇ ತಿಂಗಳುಗಳಲ್ಲಿ, ಅದೇ ಊರಿನ ಬಸದಿಯಾಚೆಯ ಹೊಲಗಳಲ್ಲಿ, ಕೀಟನಾಶಕ ಸಿಂಪಡಿಸುವ ಪಂಪುಗಳ ಸದ್ದು ಜೋರಾಗಿರುತ್ತದೆ. ಸೋಯಾ, ಶೇಂಗಾ, ತಂಬಾಕು, ಕಾಯಿಪಲ್ಲೆ ಇವೆಲ್ಲಕ್ಕೂ ಹುಳುವಿನ ಕಾಟ ತೊಡಗುವ ಕಾಲವೂ ಅದೇ. ಬೆಳಿಗ್ಗೆ ಮುನಿಗಳಿಗೆ ಆಹಾರದಾನ ಮಾಡಿದ ಶ್ರಾವಕನೇ ಇಳಿಹೊತ್ತಿನಲ್ಲಿ ಪಂಪನ್ನು ಹೆಗಲಿಗೇರಿಸಬೇಕಾಗುತ್ತದೆ. ಇದನ್ನು ಕಪಟವೆಂದು ಹೇಳಿಬಿಡುವುದು ಸುಲಭ. ಆದರೆ ಹಾಗೆ ಹೇಳುವವರು ಸಾಮಾನ್ಯವಾಗಿ ಒಕ್ಕಲುತನ ಮಾಡಿದವರಾಗಿರುವುದಿಲ್ಲ.

ಜೈನನೆಂದರೆ ವ್ಯಾಪಾರಿ ಎಂಬ ಭಾವನೆ ದೇಶದ ಬಹುಭಾಗದಲ್ಲಿದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಗೆ ಈ ಮಾತು ಹೊಂದುವುದಿಲ್ಲ. ಇಲ್ಲಿಯ ಜೈನರಲ್ಲಿ ಬಹುಸಂಖ್ಯಾತರು ತಲೆತಲಾಂತರದಿಂದ ಮಣ್ಣನ್ನೇ ನಂಬಿದವರು. 1899ರಲ್ಲಿ ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಸ್ಥಾಪನೆಯಾದಾಗ ಅದರ ಬೆನ್ನಿಗೆ ನಿಂತ ಸಮಾಜವೂ ಬಹುಮಟ್ಟಿಗೆ ಒಕ್ಕಲಿಗರದೇ. ಭೋಜದಿಂದ ಆಚಾರ್ಯ ಶಾಂತಿಸಾಗರರನ್ನೂ, ಕೋಥಳಿಯಿಂದ ಆಚಾರ್ಯ ದೇಶಭೂಷಣರನ್ನೂ, ಶೇಡಬಾಳದಿಂದ ಆಚಾರ್ಯ ವಿದ್ಯಾನಂದರನ್ನೂ, ಸದಲಗಾದಿಂದ ಆಚಾರ್ಯ ವಿದ್ಯಾಸಾಗರರನ್ನೂ ಲೋಕಕ್ಕೆ ಕೊಟ್ಟ ನೆಲವಿದು. ಹೀಗಾಗಿ ಬೆಳೆಗೆ ಬೀಳುವ ಹುಳುವನ್ನು ಏನು ಮಾಡಬೇಕೆಂಬ ಪ್ರಶ್ನೆ ಈ ಸೀಮೆಯಲ್ಲಿ ಗ್ರಂಥದ ಪ್ರಶ್ನೆಯಾಗಿ ಉಳಿಯದೆ ಪ್ರತಿ ಮನೆಯ ಪ್ರಶ್ನೆಯಾಗಿದೆ.

ಕೃಷಿಯೇ ಹಿಂಸೆ, ಆದ್ದರಿಂದ ತ್ಯಾಜ್ಯ ಎಂಬ ವಾದವನ್ನು ನಮ್ಮ ಪುರಾಣಗಳು ಒಪ್ಪುವುದಿಲ್ಲ. ಜಿನಸೇನಾಚಾರ್ಯರ ಆದಿಪುರಾಣವೂ, 941ರಲ್ಲಿ ಪಂಪನು ಕನ್ನಡದಲ್ಲಿ ರಚಿಸಿದ ಆದಿಪುರಾಣವೂ ಪ್ರಥಮ ತೀರ್ಥಂಕರನ ಚರಿತ್ರೆಯನ್ನೇ ಹೇಳುತ್ತವೆ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಪ್ರಜೆಗಳಿಗೆ ಉಪದೇಶಿಸಿದವನು ಆ ವೃಷಭದೇವನೇ. ಶ್ರಾವಕಾಚಾರದ ಪರಂಪರೆಯು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಗೃಹಸ್ಥನು ಮೊದಲಿಗೆ ಬಿಡಲೇಬೇಕಾದುದು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಎಂದು ವಿಧಿಸಿತು. ನೇಗಿಲ ಮೊನೆಗೆ ಸಿಕ್ಕಿ ಎರೆಹುಳು ಸತ್ತರೆ ಅದು ಉದ್ಯೋಗೀ ಹಿಂಸೆ; ಉಳುವವನ ಗುರಿ ನೆಲವೇ ಹೊರತು ಎರೆಹುಳುವಲ್ಲ. ಕೀಟನಾಶಕದ ಸಿಂಪಡಣೆಯನ್ನು ಇದೇ ಲೆಕ್ಕಕ್ಕೆ ಬರೆಯಬಹುದೇ? ಬರೆಯಬಹುದು, ಅದು ಉದ್ಯೋಗದ ಅಂಗ, ಎನ್ನುವವರು ಅನೇಕರು. ಬೆಳೆಯನ್ನು ಕಾಯುವುದು ಆತ್ಮರಕ್ಷಣೆ, ಆದ್ದರಿಂದ ವಿರೋಧೀ ಹಿಂಸೆ, ಎನ್ನುವವರೂ ಇದ್ದಾರೆ. ಆದರೆ ಪಂಪು ಹಿಡಿದವನ ಗುರಿ ಹುಳುವೇ ಆಗಿರುತ್ತದೆ. ಹುಳು ಸಾಯದಿದ್ದರೆ ಅವನು ಅಂಗಡಿಗೆ ಹಿಂದಿರುಗಿ ದೂರುತ್ತಾನೆ. ಇದನ್ನು ಮರೆತು ಉದ್ಯೋಗೀ ಎಂಬ ಶಬ್ದದ ಮರೆಯಲ್ಲಿ ನಿಲ್ಲುವುದು ಶಾಸ್ತ್ರಕ್ಕೆ ನ್ಯಾಯವಾಗದು.

ಈ ಇಕ್ಕಟ್ಟಿಗೆ ಇತ್ತೀಚಿನ ದಶಕಗಳಲ್ಲಿ ಕೇಳಿಬರುತ್ತಿರುವ ಉತ್ತರವೆಂದರೆ ಸಸ್ಯಜನ್ಯ ಎಣ್ಣೆ. ಬೇವಿನೆಣ್ಣೆ, ಹುಲಗಲ ಎಣ್ಣೆ (ಹೊಂಗೆಯೆಂದು ತೆಂಕಣದವರು ಕರೆಯುವುದು ಇದನ್ನೇ), ಔಡಲೆಣ್ಣೆ, ಹಿಪ್ಪೆಯೆಣ್ಣೆ ಇವು ಗಿಡದಿಂದ ಬಂದವು, ನಿಸರ್ಗದತ್ತವಾದವು, ಆದ್ದರಿಂದ ಅಹಿಂಸಕವಾದವು ಎಂಬುದು ಈ ಉತ್ತರದ ಸಾರ. ಮೊದಲೆರಡು ಮಾತು ನಿಜ. ಮೂರನೆಯದು ಎಷ್ಟು ನಿಜವೆಂಬುದನ್ನು ಎಣ್ಣೆಯ ಇತಿಹಾಸದಿಂದಲೇ ಪರೀಕ್ಷಿಸಬೇಕಾಗಿದೆ.

ಭೋಜ ಗ್ರಾಮದ ಸಾತಗೌಡರು, ಅಂದರೆ ಮುಂದೆ ಆಚಾರ್ಯ ಶಾಂತಿಸಾಗರರಾದ ಮಹಾಪುರುಷರು, 1872ರಲ್ಲಿ ಜನಿಸಿ ದೀಕ್ಷೆಗೆ ಮೊದಲು ಮನೆಯ ಒಕ್ಕಲುತನವನ್ನು ನೋಡಿಕೊಂಡಿದ್ದರು. ಅವರು ಹೊಲದಲ್ಲಿ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಡುತ್ತಿದ್ದರೆಂದೂ, ಹಾಗಿದ್ದೂ ಅವರ ರಾಶಿ ಇತರರ ರಾಶಿಗಿಂತ ಕಡಿಮೆಯಾಗುತ್ತಿರಲಿಲ್ಲವೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. ಶ್ರದ್ಧೆಯಿಂದ ಕೇಳುವವರು ಇದನ್ನು ಪುಣ್ಯಪ್ರಭಾವವೆನ್ನುತ್ತಾರೆ. ಒಕ್ಕಲಿಗರಿಗೆ ಇನ್ನೊಂದು ಕಾರಣವೂ ಹೊಳೆದೀತು. ನೀರಿಗಾಗಿ ಹೊಲಕ್ಕೆ ಬರುವ ಹಕ್ಕಿ ಕಾಳನ್ನಷ್ಟೇ ತಿನ್ನುವುದಿಲ್ಲ. ಅದೇನೇ ಇರಲಿ, ಬೆಳೆಯಲ್ಲಿ ಒಂದು ಪಾಲನ್ನು ಇತರ ಜೀವಿಗಳಿಗೆಂದು ಬಿಡುವ ಆ ಕಾಲದ ಮನೋಧರ್ಮಕ್ಕೆ ಈ ಪ್ರಸಂಗ ಸಾಕ್ಷಿ. ಆದರೆ ಅಂದಿನ ಒಕ್ಕಲುತನ ಮನೆಯ ಊಟಕ್ಕಾಗಿ ಹಲವು ಕಾಳುಗಳನ್ನು ಒಟ್ಟಿಗೆ ಬೆಳೆಯುವ ಒಕ್ಕಲುತನ. ಬ್ಯಾಂಕಿನ ಸಾಲ ಹೊತ್ತು ಒಂದೇ ಬೆಳೆಯನ್ನು ಊರ ತುಂಬ ಬೆಳೆಯುವ ಇಂದಿನವನಿಗೆ ಪಾಲು ಬಿಡು ಎಂದು ಉಪದೇಶಿಸುವ ಮೊದಲು ಎರಡು ಸಲ ಯೋಚಿಸಬೇಕು.

ಆ ಕಾಲದ ಮನೆಗಳಲ್ಲಿ ಎಣ್ಣೆಯ ನಿಜವಾದ ಕೆಲಸವಿದ್ದುದು ಹೊಲದಲ್ಲಿ ಅಲ್ಲ, ಕಾಳಿನ ಕೋಣೆಯಲ್ಲಿ. ತೊಗರಿ, ಹೆಸರು, ಅಲಸಂದೆ, ಕಡಲೆ ಮುಂತಾದ ದ್ವಿದಳ ಧಾನ್ಯಗಳಿಗೆ ಔಡಲೆಣ್ಣೆಯನ್ನು ಸವರಿ, ಬೇವಿನ ಒಣ ಎಲೆಯನ್ನು ಬೆರೆಸಿ ಇಡುವ ರೂಢಿ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯದು. ಕಿಲೋ ಒಂದಕ್ಕೆ 5ರಿಂದ 10 ಮಿಲಿಲೀಟರ್ ಎಣ್ಣೆ ಸಾಕು ಎಂದು ಆಧುನಿಕ ಪ್ರಯೋಗಗಳೂ ಹೇಳುತ್ತವೆ. ಇದು ಕೆಲಸ ಮಾಡುವ ಬಗೆ ವಿಚಾರಯೋಗ್ಯವಾಗಿದೆ. ಕಾಳಿನ ಹುಳುವಿನ ತಾಯಿ ತನ್ನ ತತ್ತಿಗಳನ್ನು ಕಾಳಿನ ಸಿಪ್ಪೆಯ ಮೇಲೆ ಅಂಟಿಸಿಡುತ್ತದೆ. ಎಣ್ಣೆ ಸವರಿದ ಕಾಳಿನ ಮೇಲೆ ತತ್ತಿಯಿಡಲು ಅದು ಹಿಂಜರಿಯುತ್ತದೆ. ಇಟ್ಟರೂ ತತ್ತಿ ಸರಿಯಾಗಿ ಅಂಟುವುದಿಲ್ಲ. ಅಂಟಿದರೆ ಎಣ್ಣೆಯ ಪೊರೆ ಗಾಳಿಯನ್ನು ತಡೆಯುವುದರಿಂದ ಒಡೆಯುವುದಿಲ್ಲ. ಆದ್ದರಿಂದ ಮೊದಲು ಕಾಳನ್ನು ಬಿಸಿಲಿಗೆ ಹಾಕಿ, ಶೋಧಿಸಿ, ಹುಳು ಹತ್ತುವ ಮೊದಲೇ ಎಣ್ಣೆ ಸವರಿದರೆ ಅದು ಒಂದು ಬೇಲಿಯಂತೆ ವರ್ತಿಸುತ್ತದೆ. ಜೀವೋತ್ಪತ್ತಿಯೇ ಬಹುಮಟ್ಟಿಗೆ ತಪ್ಪುತ್ತದೆ. ಅದೇ ಎಣ್ಣೆಯನ್ನು ತತ್ತಿ ತುಂಬಿದ ಕಾಳಿಗೆ ತಡವಾಗಿ ಸವರಿದರೆ ಉಸಿರು ಕಟ್ಟಿ ಸಾಯುವ ಜೀವಗಳಿಗೆ ಲೆಕ್ಕವಿಲ್ಲ. ಎಣ್ಣೆ ಒಂದೇ, ಪ್ರಮಾಣ ಒಂದೇ, ಬಳಸುವ ಕೈಯೂ ಒಂದೇ. ವ್ಯತ್ಯಾಸವಿರುವುದು ಎಂಟು ಹತ್ತು ದಿನಗಳ ಎಚ್ಚರದಲ್ಲಿ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಏಕೆ ಸೇರಿಸಿದರೆಂಬುದು ಈ ಕಾಳಿನ ಗಡಿಗೆಯ ಮುಂದೆ ಕುಳಿತವರಿಗೆ ಬೇಗನೆ ಅರ್ಥವಾಗುತ್ತದೆ.

ಇದೇ ಜಾತಿಯ ಇನ್ನೊಂದು ಉಪಯೋಗ ಬಸದಿ ಮತ್ತು ಮಠಗಳಿಗೆ ಸಂಬಂಧಿಸಿದುದು. ತಾಳೆಯೋಲೆಯ ಗ್ರಂಥಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನೋ ಸಿಟ್ರೊನೆಲ್ಲಾ ಎಣ್ಣೆಯನ್ನೋ ತೆಳುವಾಗಿ ಲೇಪಿಸುವುದು, ಗ್ರಂಥದ ಕಟ್ಟಿನಲ್ಲಿ ಬಜೆಯ ಬೇರನ್ನೋ ಬೇವಿನೆಲೆಯನ್ನೋ ಇಡುವುದು ಗ್ರಂಥಭಂಡಾರಗಳ ಪರಿಚಿತ ಪದ್ಧತಿ. ವಾಸನೆಗೆ ಹುಳು ಹತ್ತಿರ ಸುಳಿಯುವುದಿಲ್ಲ. ಓಲೆಯೂ ಮೃದುವಾಗಿ ಉಳಿಯುತ್ತದೆ.

ಹೊಲತೋಟಗಳ ವಿಚಾರಕ್ಕೆ ಬಂದರೆ ಪ್ರಾಚೀನ ವೃಕ್ಷಾಯುರ್ವೇದ ಗ್ರಂಥಗಳನ್ನು ನೋಡಬೇಕು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ರೋಗಗ್ರಸ್ತ ಮರಕ್ಕೆ ವಾಯುವಿಡಂಗ, ತುಪ್ಪ, ಕೆಸರುಗಳ ಲೇಪವನ್ನು ಹೇಳಿದೆ. ಕ್ರಿ.ಶ. 1000ದ ಸುಮಾರಿನವನೆಂದು ಎಣಿಸಲಾಗುವ ಸುರಪಾಲನ ವೃಕ್ಷಾಯುರ್ವೇದವು ಬಿಳಿ ಸಾಸಿವೆ, ಬಜೆ ಮುಂತಾದವುಗಳ ಲೇಪ, ಧೂಪಗಳಿಂದ ಕೀಟಬಾಧೆಯನ್ನು ಕಳೆಯುವ ವಿಧಾನವನ್ನು ವಿವರಿಸುತ್ತದೆ. ಇದರ ಹಸ್ತಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದ್ದು, 1996ರಲ್ಲಿ ನಳಿನಿ ಸಾಧಲೆಯವರ ಇಂಗ್ಲಿಷ್ ಅನುವಾದದೊಡನೆ ಸಿಕಂದರಾಬಾದಿನಿಂದ ಪ್ರಕಟವಾಯಿತು. ಕನ್ನಡದಲ್ಲಿ, ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ ರಚಿತವಾದ ಲೋಕೋಪಕಾರವೂ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಇದರ ಕರ್ತೃವಿನ ಹೆಸರೂ ಚಾವುಂಡರಾಯ. ಹೆಸರಿನ ಸಾಮ್ಯದಿಂದ ನಮ್ಮ ಸಭೆಗಳಲ್ಲಿ ಈತನನ್ನು ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನೆಂದೇ ಹೇಳಿಬಿಡುವುದುಂಟು. ಅದು ಸರಿಯಲ್ಲ; ಇಬ್ಬರಿಗೂ ಸುಮಾರು ಅರ್ಧ ಶತಮಾನದ ಅಂತರವಿದೆ.

ಪ್ರಾಚೀನವೆಂಬ ಒಂದೇ ಕಾರಣಕ್ಕೆ ಈ ಗ್ರಂಥಗಳನ್ನು ತಲೆಯ ಮೇಲೆ ಹೊತ್ತುಕೊಳ್ಳುವವರು ಒಂದು ಸಂಗತಿಯನ್ನು ಮರೆಯಬಾರದು. ವೃಕ್ಷಾಯುರ್ವೇದದ ಅತಿ ಪ್ರಸಿದ್ಧ ಪೋಷಕದ್ರವವಾದ ಕುಣಪಜಲವು ಪ್ರಾಣಿಗಳ ಮಾಂಸ, ಮಜ್ಜೆ, ಮೀನುಗಳನ್ನು ಬೇಯಿಸಿ ಕೊಳೆಯಿಸಿ ಮಾಡುವಂಥದು. ಹೆಸರೇ ಹೇಳುವಂತೆ ಅದು ಹೆಣದ ನೀರು. ಅದು ರಾಸಾಯನಿಕವಲ್ಲ, ಸಾವಿರ ವರ್ಷಗಳಷ್ಟು ಹಳೆಯದು, ಪೂರ್ಣವಾಗಿ ನೈಸರ್ಗಿಕವಾದುದು; ಆದರೂ ಶ್ರಾವಕನು ಮುಟ್ಟುವಂತಿಲ್ಲ. ನೈಸರ್ಗಿಕವೆಂಬ ಗುಣ ಬೇರೆ, ಅಹಿಂಸಕವೆಂಬ ಗುಣ ಬೇರೆ.

ಇದಕ್ಕೆ ಇನ್ನೂ ಹತ್ತಿರದ ಉದಾಹರಣೆ ನಿಪ್ಪಾಣಿಯ ಪೇಟೆಯಲ್ಲಿಯೇ ಇದೆ. ಪೋರ್ತುಗೀಜರ ಮೂಲಕ ಭಾರತಕ್ಕೆ ಬಂದ ತಂಬಾಕು ಕಾಲಾಂತರದಲ್ಲಿ ನಿಪ್ಪಾಣಿಯನ್ನು ಬೀಡಿ ತಂಬಾಕಿನ ದೊಡ್ಡ ಕೇಂದ್ರವನ್ನಾಗಿ ಮಾಡಿತು. ತಂಬಾಕಿನ ಎಲೆಯಲ್ಲಿರುವ ನಿಕೋಟಿನ್ ಆ ಗಿಡವು ತನ್ನನ್ನು ತಿನ್ನಲು ಬರುವ ಕೀಟಗಳ ವಿರುದ್ಧ ತಾನೇ ತಯಾರಿಸಿಕೊಂಡ ವಿಷ. ಯುರೋಪಿನಲ್ಲಿ 17ನೆಯ ಶತಮಾನದ ಕೊನೆಯ ಹೊತ್ತಿಗೇ ತಂಬಾಕಿನ ನೀರನ್ನು ಗಿಡಗಳಿಗೆ ಸಿಂಪಡಿಸುವುದು ತಿಳಿದಿತ್ತು. ನಮ್ಮಲ್ಲಿಯೂ ತಂಬಾಕಿನ ಪುಡಿಯನ್ನೂ ದಂಟನ್ನೂ ನೀರಿನಲ್ಲಿ ನೆನೆಯಿಟ್ಟು ಸಾಬೂನು ಬೆರೆಸಿ ಹೇನು, ಕರಿಜಿಗಿಗಳಿಗೆ ಹೊಡೆಯುವುದು ಮನೆಮದ್ದೆಂದು ಹೆಸರಾಗಿದೆ. ಅಂಗಡಿಯ ಔಷಧಿಗಿಂತ ಇದು ಸೌಮ್ಯವೆಂಬ ನಂಬಿಕೆ ವ್ಯಾಪಕವಾಗಿದೆ. ವಸ್ತುಸ್ಥಿತಿ ಬೇರೆ. ನಿಕೋಟಿನ್ ಕೀಟದ ನರಮಂಡಲವನ್ನು ಕೆಡಿಸಿ ಒದ್ದಾಡಿಸಿ ಕೊಲ್ಲುತ್ತದೆ. ಮನುಷ್ಯನ ಚರ್ಮದ ಮೂಲಕವೂ ಒಳಸೇರುತ್ತದೆ. ಹಸಿ ತಂಬಾಕಿನ ಎಲೆಯನ್ನು ತೋಯ್ದ ಕೈಗಳಿಂದ ಮುಟ್ಟುವ ಕೂಲಿಗಳಿಗೆ ವಾಂತಿ, ತಲೆಸುತ್ತು ಬರುವುದು ಇದರಿಂದಲೇ. ನಿಕೋಟಿನ್ ಸಲ್ಫೇಟನ್ನು ದೇಶದೊಳಗೆ ಬಳಸಕೂಡದೆಂದು ಭಾರತ ಸರಕಾರವು 1992ರಲ್ಲಿ ನಿಷೇಧಿಸಿತು. ರಫ್ತಿಗಾಗಿ ತಯಾರಿಸಲು ಮಾತ್ರ ಅವಕಾಶ ಉಳಿಯಿತು. ಗಿಡದಿಂದ ಬಂದ ವಿಷವೂ ವಿಷವೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. (ತಂಬಾಕು ಬೆಳೆಯುವುದೇ ಸರಿಯೇ ಎಂಬುದು ಪ್ರತ್ಯೇಕ ಚರ್ಚೆ. ಆ ಚರ್ಚೆಗೆ ಇಳಿಯುವವರು 1981ರಲ್ಲಿ ನಿಪ್ಪಾಣಿಯ ರೈತರು ಯೋಗ್ಯ ಬೆಲೆಗಾಗಿ ರಸ್ತೆಯಲ್ಲಿ ಕುಳಿತು ಗುಂಡಿಗೆ ಬಲಿಯಾದುದನ್ನೂ ನೆನಪಿನಲ್ಲಿಡುವುದು ಒಳಿತು.)

ಈಗ ಬೇವಿನ ಮಾತು. ಬೇವು ಹುಳುವನ್ನು ದೂರವಿಡುತ್ತದೆಂಬುದು ಹಳ್ಳಿಗರಿಗೆ ಹೊಸದಲ್ಲ. ಆದರೆ ಅದರ ರೀತಿಯನ್ನು ವಿಜ್ಞಾನವು ಅರಿತುದು ಇತ್ತೀಚೆಗೆ. 1942ರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಬೇವಿನೆಣ್ಣೆಯಿಂದ ಕಹಿದ್ರವ್ಯಗಳನ್ನು ಬೇರ್ಪಡಿಸಿದರು. 1959ರಲ್ಲಿ ಸುಡಾನ್ ದೇಶದಲ್ಲಿ ಮಿಡತೆಯ ದಂಡು ಬಂದೆರಗಿದಾಗ ಬೇವಿನ ಮರಗಳು ಮಾತ್ರ ಹಸಿರಾಗಿ ಉಳಿದುದನ್ನು ಜರ್ಮನಿಯ ಹೈನ್ರಿಷ್ ಶ್ಮುಟ್ಟೆರರ್ ಎಂಬ ಕೀಟತಜ್ಞರು ಕಂಡರು. 1962ರಲ್ಲಿ ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಅವರ ಸಹೋದ್ಯೋಗಿಗಳು ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕಲಸಿ ಸಿಂಪಡಿಸಿದ ಬೆಳೆಯನ್ನು ಮಿಡತೆಗಳು ತಿನ್ನದೆ ಬಿಡುವುದನ್ನು ಪ್ರಕಟಪಡಿಸಿದರು. 1968ರಲ್ಲಿ ಇಂಗ್ಲೆಂಡಿನಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬವರು ಇದಕ್ಕೆ ಮುಖ್ಯ ಕಾರಣವಾದ ಅಜಾಡಿರಾಕ್ಟಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. 1970ರ ದಶಕದಲ್ಲಿ ರಾಜಮಹೇಂದ್ರಿಯ ತಂಬಾಕು ಸಂಶೋಧನಾ ಸಂಸ್ಥೆಯವರು ತಂಬಾಕಿನ ಸಸಿಮಡಿಗಳನ್ನು ಎಲೆ ತಿನ್ನುವ ಹುಳುವಿನಿಂದ ಕಾಪಾಡಲು ಬೇವಿನ ತಿರುಳಿನ ದ್ರಾವಣವನ್ನೇ ಬಳಸಿ ಫಲ ಕಂಡರು. ತನ್ನ ವಿಷವನ್ನು ಗೆದ್ದ ಹುಳುವಿನಿಂದ ತಂಬಾಕನ್ನು ಕಾಯಲು ಬೇವು ಬರಬೇಕಾಯಿತು!

ದಿಲ್ಲಿಯ ಪ್ರಯೋಗದ ಮಿಡತೆಗಳು ಎಲೆಯ ಮೇಲೆ ಕುಳಿತವು, ರುಚಿ ನೋಡಿದವು, ತಿನ್ನದೆ ಬಿಟ್ಟವು. ಇದು ಬೇವಿನ ಮೊದಲ ಗುಣ. ಶ್ರಾವಕನಿಗೆ ಪ್ರಿಯವಾದ ಗುಣ. ಆದರೆ ಬೇವಿಗೆ ಎರಡನೆಯ ಗುಣವೂ ಇದೆ. ಲೇಪಿತವಾದ ಎಲೆಯನ್ನು ತಿಂದ ಮರಿಹುಳುವಿನ ದೇಹದಲ್ಲಿ ಅಜಾಡಿರಾಕ್ಟಿನ್ ಪೊರೆ ಕಳಚುವ ಕ್ರಿಯೆಯನ್ನು ಕೆಡಿಸುತ್ತದೆ. ಹಳೆಯ ಪೊರೆಯಿಂದ ಹೊರಬರಲಾರದೆ ಆ ಹುಳು ಕೆಲವು ದಿನಗಳಲ್ಲಿ ಸಾಯುತ್ತದೆ. ಬದುಕಿ ಬೆಳೆದದ್ದು ಹಲವೊಮ್ಮೆ ತತ್ತಿಯಿಡಲಾರದು. ಮೂರನೆಯದು ಎಣ್ಣೆಯೆಂಬ ದ್ರವ್ಯದ್ದೇ ಗುಣ, ಅದಕ್ಕೆ ಬೇವೇ ಆಗಬೇಕಿಲ್ಲ. ಹೇನು, ಹಿಟ್ಟುತಿಗಣೆಯಂಥ ಮೃದುದೇಹಿಗಳ ಮೇಲೆ ಎಣ್ಣೆಯ ಹನಿ ಬಿದ್ದರೆ ಅವುಗಳ ಉಸಿರಿನ ರಂಧ್ರಗಳು ಮುಚ್ಚಿಹೋಗುತ್ತವೆ. ಅಂಗಡಿಯ ರಾಸಾಯನಿಕದಂತೆ ಹುಳು ಕಣ್ಣೆದುರಿಗೆ ಉದುರದ ಕಾರಣ ಬೇವಿನೆಣ್ಣೆ ಕೊಲ್ಲುವುದಿಲ್ಲವೆಂಬ ಭಾವನೆ ಹುಟ್ಟಿದೆ. ಅದು ಕೊಲ್ಲುತ್ತದೆ, ನಿಧಾನವಾಗಿ. ಇದನ್ನು ಹೇಳದೆ ಅಹಿಂಸಕ ಔಷಧಿಯೆಂದು ಮಾತ್ರ ಹೇಳಿ ಮಾರುವುದು ಸತ್ಯಾಣುವ್ರತಕ್ಕೆ ಸಲ್ಲದು.

ಹಾಗೆಂದು ಬೇವಿನೆಣ್ಣೆ ಮತ್ತು ಘೋರ ರಾಸಾಯನಿಕಗಳು ಒಂದೇ ತೂಕದವೆಂದು ತಿಳಿಯಬೇಕಿಲ್ಲ. ಅಜಾಡಿರಾಕ್ಟಿನ್ ಬಿಸಿಲಿಗೆ ಕೆಲವೇ ದಿನಗಳಲ್ಲಿ ಕೆಡುತ್ತದೆ. ಎಲೆಯನ್ನು ತಿಂದವನಿಗೆ ಮುಖ್ಯವಾಗಿ ಬಾಧಿಸುವುದರಿಂದ ಹೂವಿಗೆ ಬರುವ ಜೇನು, ಹುಳುವನ್ನು ತಿನ್ನುವ ಜೇಡ ಮೊದಲಾದವಕ್ಕೆ ಅಪಾಯ ಬಹಳ ಕಡಿಮೆ. ಕಾಸರಗೋಡಿನ ಗೇರುತೋಪುಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಯಾವ ಗತಿ ತಂದಿತೆಂಬುದನ್ನು ಪಡ್ರೆ ಮುಂತಾದ ಹಳ್ಳಿಗಳ ಕನ್ನಡಿಗರು ಬಲ್ಲರು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಅದನ್ನು ದೇಶದಾದ್ಯಂತ ತಡೆಯುವ ಹೊತ್ತಿಗೆ ಒಂದು ತಲೆಮಾರು ನೊಂದಿತ್ತು. ಹಿಂಸೆಯಲ್ಲಿ ಅಲ್ಪ, ಬಹು ಎಂಬ ತರತಮವಿದೆ. ಅಣುವ್ರತವೆಂಬ ಶಬ್ದವೇ ಆ ತರತಮವನ್ನು ಒಪ್ಪಿಕೊಂಡು ಹುಟ್ಟಿದ್ದು.

ಬೇವಿನೆಣ್ಣೆಯ ಆಧುನಿಕ ಇತಿಹಾಸದಲ್ಲಿ ಈ ಗಡಿಸೀಮೆಗೆ ಒಂದು ಅನಿರೀಕ್ಷಿತ ಸ್ಥಾನವೂ ಲಭಿಸಿದೆ. ಗಿಡಗಳ ಬೂಷ್ಟುರೋಗವನ್ನು ಬೇವಿನೆಣ್ಣೆಯಿಂದ ನಿಯಂತ್ರಿಸುವ ವಿಧಾನಕ್ಕಾಗಿ ಯುರೋಪಿನ ಪೇಟೆಂಟ್ ಕಚೇರಿಯು 1994ರಲ್ಲಿ ಅಮೆರಿಕದ ಕೃಷಿ ಇಲಾಖೆ ಹಾಗೂ ಡಬ್ಲ್ಯೂ. ಆರ್. ಗ್ರೇಸ್ ಕಂಪನಿಗೆ ಪೇಟೆಂಟ್ ನೀಡಿತು. ವಂದನಾ ಶಿವ, ಯುರೋಪಿನ ಸಂಸತ್ಸದಸ್ಯೆ ಮಗ್ದಾ ಆಲ್‌ವೂಟ್ ಮತ್ತು ಸಾವಯವ ಕೃಷಿಯ ಅಂತಾರಾಷ್ಟ್ರೀಯ ಒಕ್ಕೂಟ ಇದನ್ನು ವಿರೋಧಿಸಿದರು. ನಮ್ಮ ಅಜ್ಜಂದಿರಿಗೆ ಇದು ತಿಳಿದಿತ್ತು ಎಂಬ ಭಾವುಕ ಮಾತು ಕಚೇರಿಯಲ್ಲಿ ನಿಲ್ಲುವುದಿಲ್ಲ. ದಿನಾಂಕ, ಸ್ಥಳ, ಸಾಕ್ಷಿ ಬೇಕು. ಆ ಸಾಕ್ಷ್ಯವನ್ನು ಒದಗಿಸಿದವರಲ್ಲಿ ಪ್ರಮುಖರು ಅಭಯ ಫಡ್ಕೆ ಎಂಬ ಉದ್ಯಮಿ. 1985 ಮತ್ತು 1986ರ ಬೇಸಿಗೆಯಲ್ಲಿ ಪುಣೆ ಮತ್ತು ಸಾಂಗಲಿ ಜಿಲ್ಲೆಗಳ ಹೊಲಗಳಲ್ಲಿ ಬೇವಿನ ಸಾರವನ್ನು ಬಹಿರಂಗವಾಗಿ ಪ್ರಯೋಗಿಸಿದ್ದ ವಿವರ ಅವರ ಬಳಿಯಿತ್ತು. ಕಾಗವಾಡದಿಂದ ಗಡಿ ದಾಟಿದರೆ ಮಿರಜ, ಅದನ್ನು ದಾಟಿದರೆ ಸಾಂಗಲಿ. 2000ದ ಮೇ ತಿಂಗಳಲ್ಲಿ ಮ್ಯೂನಿಕ್ ನಗರದಲ್ಲಿ ಪೇಟೆಂಟು ರದ್ದಾಯಿತು. ಕಂಪನಿಯ ಕಡೆಯವರು ಸಲ್ಲಿಸಿದ ಮೇಲ್ಮನವಿಯೂ 2005ರ ಮಾರ್ಚ್‌ನಲ್ಲಿ ತಿರಸ್ಕೃತವಾಯಿತು. ಲೆಕ್ಕಪತ್ರವನ್ನು ಒಪ್ಪವಾಗಿಟ್ಟವನ ಮಾತಿಗೆ ಬೆಲೆ ಬಂದ ಈ ಪ್ರಸಂಗ ವರ್ತಕ ಸಮಾಜಕ್ಕೆ ಮೆಚ್ಚುಗೆಯಾಗುವಂಥದು.

ವರ್ತಕರ ಮಾತು ಬಂದುದರಿಂದ ಶ್ರಾವಕಾಚಾರಗಳ ಕಡೆಗೆ ತಿರುಗಬೇಕು. ಸಮಂತಭದ್ರಸ್ವಾಮಿಗಳ ರತ್ನಕರಂಡಕವು ಅನರ್ಥದಂಡಗಳಲ್ಲಿ ಹಿಂಸಾದಾನವನ್ನು ಹೇಳುವಾಗ ಕೊಡಲಿ, ಕತ್ತಿ, ಬೆಂಕಿಗಳ ಜೊತೆಗೆ ವಿಷವನ್ನೂ ಎಣಿಸುತ್ತದೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಬರುವ ಹದಿನೈದು ವರ್ಜ್ಯ ಉದ್ಯೋಗಗಳ ಪಟ್ಟಿಯಲ್ಲಿ ವಿಷವಾಣಿಜ್ಯವಿದೆ. ಯಂತ್ರಪೀಡನವೂ ಇದೆ, ಅಂದರೆ ಗಾಣದಲ್ಲಿ ಎಳ್ಳು ಮೊದಲಾದವನ್ನು ಅರೆಯುವ ಉದ್ಯೋಗ. ಕೀಟನಾಶಕವನ್ನು ಬಿಟ್ಟು ಎಣ್ಣೆಗೆ ಬಂದೆವು ಎಂದು ನೆಮ್ಮದಿಗೊಳ್ಳುವವನಿಗೆ ಪಟ್ಟಿಯು ಎರಡೂ ಕಡೆ ಅಡ್ಡನಿಲ್ಲುತ್ತದೆ! ಬಸದಿಯ ನಂದಾದೀಪಕ್ಕೆ ಎಣ್ಣೆಯನ್ನು ಎಲ್ಲರೂ ಬಯಸಿದರು, ಶಾಸನಗಳಲ್ಲಿ ಗಾಣದೆಣ್ಣೆಯ ದತ್ತಿಗಳು ಬೇಕಾದಷ್ಟಿವೆ. ಗಾಣವನ್ನು ನಡೆಸುವ ಕೆಲಸವನ್ನು ಮಾತ್ರ ಗಾಣಿಗರಿಗೆ ಬಿಟ್ಟರು. ಇದರಲ್ಲಿರುವ ಅನುಕೂಲಸಿಂಧುತ್ವವನ್ನು ಗುರುತಿಸಿದರೆ ತಪ್ಪಲ್ಲ. 13ನೆಯ ಶತಮಾನದಲ್ಲಿ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇದೇ ಪಟ್ಟಿಯನ್ನು ಹೇಳಿ, ಕೂಡಲೇ ಪಾಪಯುಕ್ತ ಉದ್ಯೋಗಗಳನ್ನು ಎಣಿಸಿ ಮುಗಿಸಲಾಗದೆಂದೂ, ತೀರ ಮಂದಮತಿಗಳಿಗೆ ಬೇಕಾದರೆ ಎಣಿಸಿ ತೋರಿಸಬಹುದೆಂದೂ ನಿಷ್ಠುರವಾಗಿ ಬರೆದಿದ್ದಾರೆ. ಅವರ ಅಭಿಪ್ರಾಯ ಇಂದಿನ ವ್ಯಾಪಾರಕ್ಕೆ ಹೆಚ್ಚು ಹೊಂದುತ್ತದೆ. ಬಾಟಲಿಯ ಮೇಲಿನ ಹೆಸರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ನೋಡುವುದಕ್ಕಿಂತ ಬಾಟಲಿಯೊಳಗಿನದು ಏನು ಮಾಡುತ್ತದೆಂದು ನೋಡಬೇಕು.

ಬಾಟಲಿಯೊಳಗೆ ಏನಿದೆ ಎಂಬುದೇ ಅನುಮಾನವಾಗಿರುವುದು ಈ ಕಾಲದ ಕೇಡು. ಸಸ್ಯಜನ್ಯ, ಜೈವಿಕ ಎಂಬ ಚೀಟಿ ಹಚ್ಚಿದ ಕೆಲವು ಸರಕುಗಳಲ್ಲಿ ರಾಸಾಯನಿಕ ವಿಷವನ್ನು ಗುಟ್ಟಾಗಿ ಬೆರೆಸಿರುವುದು ದೇಶದ ಅನೇಕ ಕಡೆಗಳ ಪರೀಕ್ಷೆಗಳಲ್ಲಿ ಹೊರಬಿದ್ದಿದೆ. ಹುಳು ಬೇಗ ಉದುರಿದರೆ ಗಿರಾಕಿ ಮತ್ತೆ ಬರುತ್ತಾನೆಂಬ ಲೆಕ್ಕಾಚಾರವಿದು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು, ಅಂದರೆ ಒಳ್ಳೆಯದರ ರೂಪದಲ್ಲಿ ಕಳಪೆಯನ್ನು ಮಾರುವುದನ್ನು, ಹೆಸರಿಸಿದೆ. ಇಲ್ಲಿ ಕಳಪೆಯ ಬದಲು ವಿಷವೇ ಬೆರೆಯುತ್ತಿದೆ. ಅಹಿಂಸೆಯೆಂದು ನಂಬಿ ಕೊಂಡವನ ಕೈಯಿಂದಲೇ ಹಿಂಸೆಯನ್ನು ಮಾಡಿಸಿದಂತಾಗುತ್ತದೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಲ್ಲಿ ಮಾರುವವನು ಎಲ್ಲಿ ನಿಲ್ಲುತ್ತಾನೆಂಬುದು ಸ್ಪಷ್ಟವಾಗಿಯೇ ಇದೆ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯವಾದ ಮೇಲೆ ಈ ಎಣ್ಣೆಗೆ ಬೇಡಿಕೆ ಮತ್ತಷ್ಟು ಏರಿದೆ. ಬೇಡಿಕೆ ಏರಿದಲ್ಲಿ ಬೆರಕೆಯೂ ಏರುವುದು ಪೇಟೆಯ ಹಳೆಯ ಅನುಭವ.

ಎಣ್ಣೆಯೂ ಬೇಡ, ವಿಷವೂ ಬೇಡ, ಹುಳುವನ್ನು ತಿನ್ನುವ ಹುಳುವನ್ನೇ ಬಿಟ್ಟರೆ ಸಾಕೆಂಬ ಇನ್ನೊಂದು ಮಾರ್ಗವನ್ನೂ ಈ ಸೀಮೆ ಕಂಡಿದೆ. 2002ರಲ್ಲಿ ಸಾಂಗಲಿ ಕಡೆಯಿಂದ ಕಬ್ಬಿನ ಬಿಳಿ ಉಣ್ಣೆಹೇನು ಬೆಳಗಾವಿ ಜಿಲ್ಲೆಗೆ ಹರಡಿ, ಕಬ್ಬಿನ ಎಲೆಯ ಹಿಂಬದಿಯೆಲ್ಲ ಹತ್ತಿ ಮೆತ್ತಿದಂತೆ ಬೆಳ್ಳಗಾಯಿತು. ಆಳೆತ್ತರ ಮೀರಿದ ಕಬ್ಬಿನೊಳಗೆ ನುಗ್ಗಿ ಸಿಂಪಡಿಸುವುದು ದುಸ್ತರವಾಗಿತ್ತು. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಡೈಫಾ, ಮೈಕ್ರೋಮಸ್ ಎಂಬ ಪರಭಕ್ಷಕ ಕೀಟಗಳನ್ನು ಸಾಕಿ ಹೊಲಗಳಿಗೆ ಬಿಡುವ ಕ್ರಮವನ್ನು ರೂಢಿಗೆ ತಂದರು. ವಿಷ ಹೊಡೆಯದ ಹೊಲಗಳಲ್ಲಿ ಅವು ತಾವಾಗಿಯೂ ಹೆಚ್ಚಿದವು. ಕೆಲವು ವರ್ಷಗಳಲ್ಲಿ ಉಣ್ಣೆಹೇನು ಹತೋಟಿಗೆ ಬಂದಿತು. ಇದು ದೊಡ್ಡ ಸಾಧನೆ. ಆದರೆ ಮೇಲೆ ಹೇಳಿದ ಹದಿನೈದರ ಪಟ್ಟಿಯಲ್ಲಿ ಅಸತೀಪೋಷಣವೂ ಒಂದು; ಹಿಂಸಕ ಪ್ರಾಣಿಗಳನ್ನು ಸಾಕುವುದನ್ನೂ ಅದರಲ್ಲಿ ಸೇರಿಸುತ್ತಾರೆ. ಡೈಫಾವನ್ನು ಡಬ್ಬಿಯಲ್ಲಿ ಸಾಕಿ ಬಿಡುವುದು ಅದರಲ್ಲಿ ಬರುತ್ತದೆಯೇ? ಸಾಕಿ ಬಿಡುವುದಕ್ಕೂ, ಹೊಲದಲ್ಲಿ ತಾನಾಗಿ ಇರುವ ಕೀಟಕ್ಕೆ ವಿಷ ಹಾಕದೆ ಇರಗೊಡುವುದಕ್ಕೂ ಅಂತರವಿದೆ ಎಂದಷ್ಟು ಹೇಳಬಹುದು. ಎರಡನೆಯದರಲ್ಲಿ ಶ್ರಾವಕನ ಕೈ ಇಲ್ಲ.

ಇನ್ನು ಬಸದಿಗಳ ಹೂದೋಟ, ಟ್ರಸ್ಟುಗಳ ಜಮೀನು, ಮನೆಯ ಹಿತ್ತಲು ಇವುಗಳ ಮಟ್ಟಿಗೆ ಕೆಲವು ವ್ಯಾವಹಾರಿಕ ವಿಷಯಗಳು. ಪೂಜೆಯ ಹೂವಿಗಾಗಿ ಬೆಳೆಸಿದ ಗಿಡಕ್ಕೆ ಹುಳು ಕಂಡ ಮೇಲೆ ಎಣ್ಣೆ ಹೊಡೆಯುವುದು ಕಾಳಿಗೆ ತಡವಾಗಿ ಎಣ್ಣೆ ಸವರಿದಂತೆಯೇ. ಚಿಗುರು ಬರುವ ಹೊತ್ತಿಗೆ, ಹುಳು ಕಾಣುವ ಮೊದಲೇ, ಎಲೆಯನ್ನು ಕಹಿ ಮಾಡಿಟ್ಟರೆ ತಾಯಿಕೀಟ ಬೇರೆಡೆಗೆ ಹೋಗುವ ಸಂಭವ ಹೆಚ್ಚು. ಬೇವಿನ ತಿರುಳು 5 ಕಿಲೋ ಪುಡಿ ಮಾಡಿ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಸೋಸಿ, 100 ಲೀಟರ್ ಆಗುವಂತೆ ನೀರು ಬೆರೆಸುವುದು ಕೃಷಿ ವಿಶ್ವವಿದ್ಯಾಲಯಗಳು ಒಪ್ಪಿದ ಪ್ರಮಾಣ. ಎಣ್ಣೆಯಾದರೆ ಲೀಟರ್ ನೀರಿಗೆ 5 ಮಿಲಿಲೀಟರ್. ಎಣ್ಣೆ ನೀರಿನಲ್ಲಿ ಬೆರೆಯಲು ಸಾಬೂನು ಬೇಕಾಗುತ್ತದೆ. ಪ್ರಾಣಿಯ ಕೊಬ್ಬಿನ ಸಾಬೂನಿನ ಬದಲು ಅಂಟುವಾಳದ ನೊರೆ ಬಳಸಿದರಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಜೇನು ಗೂಡಿಗೆ ಮರಳುವ ಇಳಿಹೊತ್ತೇ ಸರಿ. ಈಗಾಗಲೇ ಹೇನು ಮುತ್ತಿದ ಕುಡಿಗಳಿದ್ದರೆ ಅವನ್ನು ಮೊದಲು ಚಿವುಟಿ ದೂರದ ಬೇಲಿಯ ಬಳಿ ಇರಿಸಿ, ಉಳಿದ ಗಿಡಕ್ಕೆ ಆಮೇಲೆ ಸಿಂಪಡಿಸುವುದು ಹೆಚ್ಚು ಶ್ರಮದ ಕೆಲಸವೇನಲ್ಲ.

ಬೀಜದ ಸಂಗ್ರಹವೂ ಕಾಲವನ್ನು ನೋಡಿ ಆಗಬೇಕು. ಜ್ಯೇಷ್ಠ, ಆಷಾಢಗಳಲ್ಲಿ ಬೇವಿನ ಹಣ್ಣು ಉದುರುತ್ತದೆ. ಬಸದಿಗಳ ಪ್ರಾಂಗಣದಲ್ಲಿ ಬಿದ್ದುದನ್ನು ಮಳೆ ಹಿಡಿಯುವ ಮೊದಲೇ ಆರಿಸಿ, ತಿರುಳನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಗೋಣಿಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿದು ಸತ್ತ್ವ ಹೋಗುತ್ತದೆ. ಮೂರು ತಿಂಗಳು ಕಳೆದ ಬೀಜದಿಂದ ತೊಡಗಿ ಎಂಟು ತಿಂಗಳವರೆಗಿನದು ಉತ್ತಮ. ಅಂದರೆ ಈ ಆಷಾಢದಲ್ಲಿ ಆರಿಸಿದ ಬೀಜ ಆಶ್ವಯುಜದಿಂದ ಫಾಲ್ಗುಣದವರೆಗೆ, ಹಿಂಗಾರಿನ ಕಡಲೆಗೂ ಅಥಣಿಯ ಕಡೆಯ ದ್ರಾಕ್ಷಿಗೂ ಹಿತ್ತಲಿನ ಬದನೆ ಅವರೆಗಳಿಗೂ ಒದಗುತ್ತದೆ. ಮುಂದಿನ ಮುಂಗಾರಿನವರೆಗೆ ಕಾಯ್ದಿಟ್ಟರೆ ಅದರಲ್ಲಿ ಕಹಿ ಉಳಿದಿರುತ್ತದೆಯೇ ಹೊರತು ಬಲ ಉಳಿದಿರುವುದಿಲ್ಲ.